ಕಲ್ಲಿನ ಮೂರನೆಯ ಸಾಲು

ಬೆಳಗಟ್ಟಿ ಕೆರೆಯ ವೆಬ್‌ಸೈಟಿನಲ್ಲಿ ಫೋಟೋಗಳು ಮಸಕಾಗಿ ಕಾಣುತ್ತವೆ ಎಂದು ಮೊಟ್ಟಮೊದಲು ತಕರಾರು ತೆಗೆದವನು ಗೌರೀಶ. ಅವನು ಬಾಯಿ ಬಿಡದೆ ಸುಮ್ಮನಿದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಗೌರೀಶನದು ಬೈಲಹೊಂಗಲದಲ್ಲಿ ಬೀಜ, ಗೊಬ್ಬರದ ಅಂಗಡಿ. ಅವನ ತಂದೆ ನಿಜಗುಣಪ್ಪ ಬೆಳಗಟ್ಟಿಯ ದೊಡ್ಡ ಜಮೀನುದಾರ, ಊರ ಕೆರೆ ಅಭಿವೃದ್ಧಿ ಸಮಿತಿಯ ಅಧ್ಯಕ್ಷ. ಸಮಿತಿಯವರು ಎರಡು ವರ್ಷ ಓಡಾಡಿ ಕೆರೆಯ ಹೂಳು ತೆಗೆಸಿದ್ದರು, ಏರಿಗೆ ಕಲ್ಲು ಹಾಸಿದ್ದರು. ಅದೆಲ್ಲ ನಾಲ್ಕು ಜನರಿಗೆ ಗೊತ್ತಾಗಬೇಕೆಂದು ವೆಬ್‌ಸೈಟ್ ಮಾಡುವ ಕೆಲಸವನ್ನು ಪ್ರಜ್ಞಾಳಿಗೆ ಒಪ್ಪಿಸಿದ್ದರು.

ಪ್ರಜ್ಞಾಳಿಗೆ ಇಪ್ಪತ್ತೇಳು ವರ್ಷ. ಸವದತ್ತಿ ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ಮಂಗಲ ಕಾರ್ಯಾಲಯ, ಕಾಲೇಜು, ಟ್ರ್ಯಾಕ್ಟರ್ ಶೋರೂಮುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಹುಟ್ಟಿದ್ದು ಬೆಳಗಟ್ಟಿಯಲ್ಲೇ, ಕೆರೆಯ ಕೆಳಗಿನ ಹೊರಗೇರಿಯಲ್ಲಿ. ಪಂಚಾಯಿತಿಯ ಕಾಗದದಲ್ಲಿ ಆ ಓಣಿಗೆ ಬೇರೆ ಹೆಸರಿದೆ. ಊರ ಬಾಯಲ್ಲಿ ಮಾತ್ರ ಇಂದಿಗೂ ಹೊರಗೇರಿಯೇ. ನಿಜಗುಣಪ್ಪನ ಮನೆ ಇರುವುದು ಊರ ನಡುವಿನ ಹಿರಿಗೇರಿಯಲ್ಲಿ. ಪ್ರಜ್ಞಾಳೂ ಗೌರೀಶನೂ ಒಂದೇ ಸಾಲೆಯಲ್ಲಿ ಓದಿದವರು. ಅವನು ಅವಳನ್ನು ಏಕವಚನದಲ್ಲಿ ಕರೆಯುತ್ತಿದ್ದ, ಅವಳು ಅವನಿಗೆ ‘ರಿ’ ಹಚ್ಚುತ್ತಿದ್ದಳು. ಅದು ಹಾಗೇಕೆ ಎಂದು ಇಬ್ಬರೂ ಎಂದೂ ಕೇಳಿಕೊಂಡಿರಲಿಲ್ಲ.

ಆ ದಿನ ಗೌರೀಶ ಮೆಟ್ಟಿಲು ಹತ್ತಿ ಬಂದವನೇ ಹೊಸ ಫೋನನ್ನು ಅವಳ ಮೇಜಿನ ಮೇಲಿಟ್ಟ.

“ನೋಡಿಲ್ಲಿ. ಲಕ್ಷದ ಮ್ಯಾಲಿನ ಫೋನ್ ಇದು. ನೀ ಹಾಕಿದ ಫೋಟೋ ಇದರಾಗ ಹೆಂಗ ಕಾಣಾಕತ್ತಾವ ನೋಡು. ಎಲ್ಲಾ ಮಂಜು ಹಿಡದಂಗ.”

ಪ್ರಜ್ಞಾ ತನ್ನ ಹಳೆಯ ಫೋನಿನಲ್ಲಿ ಅದೇ ಪುಟ ತೆರೆದು ಪಕ್ಕಕ್ಕಿಟ್ಟಳು. ಅವಳದರಲ್ಲಿ ಫೋಟೋ ಸ್ವಚ್ಛವಾಗಿತ್ತು. ಅವನದರಲ್ಲಿ ಕೆರೆಯ ಏರಿ, ಬೇವಿನ ಮರ, ಶಾಸನದ ಕಲ್ಲು ಎಲ್ಲವೂ ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದ ಹಾಗೆ.

“ನಂದರಾಗ ಛಲೋ ಕಾಣತೈತಿ, ನಿಮ್ಮದರಾಗ ಇಲ್ಲ. ತಪ್ಪು ಫೋನಿಂದಲ್ರಿ, ನಂದ,” ಎಂದಳು ಅವಳು. “ರೆಟಿನಾ ಸ್ಕ್ರೀನು ಅಂತಾರ ಇದಕ್ಕ. ನನ್ನ ಫೋನಿನ್ಯಾಗ ಒಂದು ಚುಕ್ಕಿ ಇರೋ ಜಾಗಾದಾಗ ನಿಮ್ಮದರಾಗ ನಾಕು ಚುಕ್ಕಿ ಕುಂತಿರತಾವ. ನಾ ಹಾಕಿದ ಫೋಟೋ ಸಣ್ಣದು. ಇದ್ದಷ್ಟ ಚುಕ್ಕಿನ್ನ ಫೋನು ಜಗ್ಗಿ ಜಗ್ಗಿ ಹಾಸತೈತಿ.”

“ತಿಳಿಯೋ ಹಂಗ ಹೇಳು.”

“ಒಂದು ಎಕರೆದ ಬೀಜ ನಾಕು ಎಕರೇಕ ಬಿತ್ತಿದ್ರ ಪೀಕು ಹೆಂಗ ಬರತೈತ್ರಿ?”

ಬೀಜದ ಅಂಗಡಿಯವನಿಗೆ ಅದು ಕೂಡಲೇ ತಿಳಿಯಿತು. “ತೆಳ್ಳಗ ಬರತೈತಿ. ಬರೇ ಮಣ್ಣ ಕಾಣತೈತಿ,” ಎಂದು ನಕ್ಕ. “ಹಂಗಾದ್ರ ನಾಕು ಎಕರೆದ ಬೀಜಾನ ಹಾಕು. ಮುಂದಿನ ತಿಂಗಳು ಕೆರಿ ಉದ್ಘಾಟನಾ. ದೊಡ್ಡ ದೊಡ್ಡ ಮಂದಿ ನೋಡೋರದಾರ. ಅವರ ಕೈಯಾಗೆಲ್ಲಾ ಇಂಥಾ ಫೋನ.”

ಮಾತು ಅಲ್ಲಿಗೆ ಮುಗಿಯಿತು. ಆದರೆ ಕೆಲಸ ಅಷ್ಟು ಸರಳವಾಗಿರಲಿಲ್ಲ. ಮೊದಲಿನ ಫೋಟೋಗಳೆಲ್ಲ ಸಮಿತಿಯವರು ವಾಟ್ಸಾಪಿನಲ್ಲಿ ಕಳಿಸಿದ್ದವು. ಅವುಗಳನ್ನು ಹಿಗ್ಗಿಸಿದರೆ ಮಸಕು ಹಿಗ್ಗುತ್ತಿತ್ತೇ ಹೊರತು ಚಿತ್ರವಲ್ಲ. ಹೊಸದಾಗಿ ತೆಗೆಯಲೇಬೇಕಿತ್ತು. ಮರುದಿನ ಮುಂಜಾನೆ ಪ್ರಜ್ಞಾ ತನ್ನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೆಳಗಟ್ಟಿಯ ಬಸ್ಸು ಹತ್ತಿದಳು.

ಶಾಸನದ ಕಲ್ಲು ಕೆರೆಯ ಏರಿಯ ಮೇಲೆ, ಹೊರಗೇರಿಯಿಂದ ಹತ್ತಿಬರುವ ಮೆಟ್ಟಿಲುಗಳ ತುದಿಯಲ್ಲಿ ನಿಂತಿದೆ. ಒಂಬೈನೂರು ವರ್ಷ ಹಳೆಯ, ಆಳೆತ್ತರದ ಕಲ್ಲು, ಮೇಲ್ತುದಿಯಲ್ಲಿ ಸೂರ್ಯ, ಚಂದ್ರ, ಕೆಳಗೆ ಏಳು ಸಾಲು ಬರಹ. ಬಟ್ಟೆ ಒಗೆಯಲು ಬಂದ ಹೆಂಗಸರು ಅದಕ್ಕೆ ಬೆನ್ನು ಕೊಟ್ಟು ಕುಳಿತು ಎಲೆಯಡಿಕೆ ಹಾಕುತ್ತಾರೆ. ಪ್ರಜ್ಞಾಳ ತಾಯಿ ಸಾವಂತ್ರೆವ್ವ ಬುಟ್ಟಿಯಲ್ಲಿ ಬಟ್ಟೆ ಹೊತ್ತು ಅಲ್ಲಿಗೇ ಬಂದಳು. ಮಗಳು ಕಲ್ಲಿನ ಸುತ್ತ ತಿರುಗುವುದನ್ನು ಸ್ವಲ್ಪ ಹೊತ್ತು ನೋಡಿದಳು.

“ಮಣ್ಣ ಮೆತ್ತಿದ ಕಲ್ಲಿಗೆ ಏನ್ ಫೋಟೋ ಹೊಡೀತಿ? ಮದಲ ಜಳಕಾ ಮಾಡಸೋಣು ತಡಿ.”

ತಾಯಿಯೂ ಮಗಳೂ ಸೇರಿ ಕೆರೆಯ ನೀರು ಸುರಿದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ವರ್ಷಗಳ ಕೊಳೆ ತೆಗೆದರು. ಕಲ್ಲು ಒಣಗುವ ಹೊತ್ತಿಗೆ ಎಳೆಬಿಸಿಲು ಪಕ್ಕದಿಂದ ಬಂದು ಅದರ ಮೈ ಸವರುತ್ತಿತ್ತು. ಪ್ರತಿ ಅಕ್ಷರದ ಕೊರೆತದಲ್ಲೂ ಒಂದು ಎಳೆ ನೆರಳು ನಿಂತಿತು. ಪ್ರಜ್ಞಾ ಒಂದೊಂದೇ ಸಾಲನ್ನು ಹತ್ತಿರದಿಂದ ತೆಗೆದಳು.

ಸವದತ್ತಿಗೆ ಮರಳಿ ಬಂದು ಅವಳು ಕೆಲಸಕ್ಕೆ ಕುಳಿತಳು. ಒಂದೊಂದು ಫೋಟೋವನ್ನೂ ಮೂರು ಅಳತೆಯಲ್ಲಿ ಮಾಡಿದಳು: ಸಣ್ಣದು, ಅದರ ಎರಡರಷ್ಟು ಅಗಲದ್ದು, ಮೂರರಷ್ಟು ಅಗಲದ್ದು. ಯಾವ ಫೋನಿಗೆ ಯಾವುದು ಬೇಕೋ ಅದನ್ನು ಫೋನೇ ಆರಿಸಿಕೊಳ್ಳುವ ಹಾಗೆ ಪುಟದಲ್ಲಿ ಬರೆದಳು. ತನ್ನ ತಾಯಿಯಂಥವರ ಫೋನಿನಲ್ಲಿ ಪುಟ ಗಿರಗಿರ ತಿರುಗುತ್ತ ನಿಲ್ಲಬಾರದು, ಗೌರೀಶನಂಥವರ ಫೋನಿನಲ್ಲಿ ಮಸಕಾಗಬಾರದು. ಈ ಲೆಕ್ಕಾಚಾರ ಅವಳಿಗೆ ಇಷ್ಟದ ಕೆಲಸ. ಶಾಸನದ ಪುಟಕ್ಕೆ ಬಂದಾಗ ಫೋಟೋದ ಕೆಳಗೆ ಮೊದಲೇ ಹಾಕಿದ್ದ, ಈಗಿನ ಲಿಪಿಗೆ ಇಳಿಸಿದ ಪಾಠವನ್ನು ಮತ್ತೊಮ್ಮೆ ಸರಿನೋಡಿದಳು. ಮೂರನೆಯ ಸಾಲು ಹೀಗಿತ್ತು: ‘ಹಿರಿಗೇರಿಯ ಸಾವಿಯಬ್ಬೆ ಕಟ್ಟಿಸಿದ ಕೆಱೆ’.

ಹಳೆಯ ಲಿಪಿಯನ್ನು ಓದಲು ಅವಳಿಗೆ ಬರುತ್ತಿರಲಿಲ್ಲ. ಆದರೆ ದಿನವಿಡೀ ಅಕ್ಷರಗಳ ಅಂಚು ನೋಡುವುದೇ ಅವಳ ಉದ್ಯೋಗ. ಸಾಲಿನ ಕೊನೆಯ ‘ಕೆಱೆ’ಯಲ್ಲಿ, ಈಗ ನಾವು ಬರೆಯುವುದನ್ನು ಬಿಟ್ಟಿರುವ ಆ ಹಳೆಯ ‘ಱ’ ಇತ್ತು. ದುಂಡಗಿನ, ಹೊಟ್ಟೆಯಲ್ಲಿ ಗೀರು ಬಿದ್ದ ಅಕ್ಷರ. ಅದೇ ಅಕ್ಷರ ಸಾಲಿನ ಮೊದಲ ಪದದಲ್ಲೂ ಇತ್ತು. ಅದೇ ದುಂಡು, ಅದೇ ಗೀರು. ಹಳೆಯ ಫೋಟೋದಲ್ಲಿ ಆ ಜಾಗದಲ್ಲಿ ಬರೀ ಕಪ್ಪು ಕಲೆಯಿತ್ತು.

‘ಹಿರಿ’ ಎಂಬುದಕ್ಕೆ ಈ ಅಕ್ಷರವೇಕೆ? ಅವಳು ಫೋಟೋವನ್ನು ಹಿಗ್ಗಿಸಿದಳು, ಮತ್ತೆ ಹಿಗ್ಗಿಸಿದಳು. ಅಕ್ಷರ ಒಡೆಯಲಿಲ್ಲ. ಚಹಾ ತರಿಸಿದ್ದು ಆರಿಹೋಯಿತು.

ಶಾಸನವನ್ನು ಓದಿಕೊಟ್ಟವರು ಕಿತ್ತೂರಿನ ರಾಜೇಶ್ವರಿ ಮೇಡಂ. ಇತಿಹಾಸ ಕಲಿಸಿ ನಿವೃತ್ತರಾದವರು, ಸುತ್ತಲಿನ ಎಷ್ಟೋ ಕಲ್ಲುಗಳನ್ನು ಓದಿದವರು. ಮರುದಿನ ಪ್ರಜ್ಞಾ ಬೈಲಹೊಂಗಲದಲ್ಲಿ ಬಸ್ಸು ಬದಲಿಸಿ ಕಿತ್ತೂರಿಗೆ ಹೋದಳು. ಮೇಡಂ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಕೈ ಒರೆಸಿಕೊಂಡು ಒಳಗಿನಿಂದ ತಮ್ಮ ಟ್ಯಾಬ್ ತಂದು ಅವಳು ಕಳಿಸಿದ ಹೊಸ ಫೋಟೋ ತೆರೆದರು. ಎರಡು ಬೆರಳಿನಿಂದ ಹಿಗ್ಗಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮತ್ತೆ ಸಾಲಿನ ಮೊದಲ ಪದಕ್ಕೇ ಮರಳಿದರು.

“ಮೇಡಂ?” ಎಂದಳು ಪ್ರಜ್ಞಾ.

“ಹೊಱಗೇರಿ,” ಎಂದರು ಅವರು. “ಹಿರಿಗೇರಿ ಅಲ್ಲವ್ವಾ ಇದು. ಹೊಱಗೇರಿಯ ಸಾವಿಯಬ್ಬೆ ಕಟ್ಟಿಸಿದ ಕೆಱೆ. ಸಂಶಯಕ್ಕ ಜಾಗಾನ ಇಲ್ಲ.”

ಪ್ರಜ್ಞಾ ಆ ಪದವನ್ನು ತಾನೂ ಒಮ್ಮೆ ಮೆಲ್ಲನೆ ಹೇಳಿಕೊಂಡಳು. ಹುಟ್ಟಿದಾಗಿನಿಂದ ಬೈಗುಳದಂತೆ ಕೇಳಿದ ಹೆಸರು. ಸಾಲೆಯಲ್ಲಿ ಮಾಸ್ತರರು ‘ಹೊರಗೇರಿ ಹುಡುಗೋರು ಹಿಂದ ಕುಂತ್ರಿ’ ಎನ್ನುತ್ತಿದ್ದ ಹೆಸರು. ಅದು ಒಂಬೈನೂರು ವರ್ಷದಿಂದ ಊರ ಕೆರೆಯ ಏರಿಯ ಮೇಲೆ, ಸೂರ್ಯ ಚಂದ್ರರ ಕೆಳಗೆ ನಿಂತಿತ್ತು.

“ಹಂಗಾದ್ರ ನೀವು ಮದಲ ಹಿರಿಗೇರಿ ಅಂತ ಯಾಕ ಓದಿದ್ರಿ, ಮೇಡಂ?”

ಕೇಳಿದ ಮೇಲೆ ಮಾತು ಒರಟಾಯಿತೇನೋ ಅನ್ನಿಸಿತು. ಆದರೆ ಹಿಂದೆ ತೆಗೆದುಕೊಳ್ಳಲಿಲ್ಲ.

ರಾಜೇಶ್ವರಿ ಮೇಡಂ ಮುಖ ತಿರುಗಿಸಲಿಲ್ಲ. “ನಿಜಗುಣಪ್ಪನವರು ಮೊಬೈಲಿಗೆ ಫೋಟೋ ಕಳಿಸಿದ್ರು. ನನಗ ಮೊಣಕಾಲು ನೋವಿತ್ತು, ಹೋಗಿ ನೋಡಲಿಲ್ಲ. ಎರಡು ಅಕ್ಷರ ಕಾಣಲಿಲ್ಲ. ಕೆರಿ ಕಟ್ಟಿಸೋ ಅಷ್ಟು ಶಕ್ತಿ ಇದ್ದ ಹೆಣಮಗಳು ಹಿರಿಗೇರಿಯವಳ ಇರಬೇಕು ಅಂತ ನನ್ನ ಮನಸ್ಸ ತುಂಬಿಕೊಂಡ್ತು. ಕಲ್ಲು ಹಂಗ ಹೇಳಿರಲಿಲ್ಲ.” ಅವರು ಟ್ಯಾಬನ್ನು ಮಡಿಲಲ್ಲಿ ಇಟ್ಟುಕೊಂಡರು. “ತಿದ್ದಿ ಬರದು ಸಹಿ ಮಾಡಿ ಕೊಡತೇನಿ. ಹಾಕು.”

ಅಂದೇ ಸಂಜೆ ಪ್ರಜ್ಞಾ ಹೊಸ ಫೋಟೋಗಳನ್ನೂ ತಿದ್ದಿದ ಪಾಠವನ್ನೂ ವೆಬ್‌ಸೈಟಿಗೆ ಏರಿಸಿದಳು. ಮರುದಿನ ಮುಂಜಾನೆ ಹತ್ತರೊಳಗೆ ನಿಜಗುಣಪ್ಪನಿಂದ ಕರೆ ಬಂತು.

ಸಮಿತಿಯ ಕಚೇರಿ ಹಿರಿಗೇರಿಯ ಅವರ ಮನೆಯ ಮುಂದಿನ ಕೋಣೆಯಲ್ಲೇ. ನಿಜಗುಣಪ್ಪ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು, ಚಹಾ ಹೇಳಿದರು. ದನಿ ಎತ್ತರಿಸಿ ಮಾತಾಡುವ ಮನುಷ್ಯ ಅಲ್ಲ. ಮೂಲೆಯಲ್ಲಿ ಗೋಣಿತಟ್ಟು ಹೊದಿಸಿದ ಗ್ರಾನೈಟ್ ಫಲಕ ನಿಂತಿತ್ತು. ಅವರೇ ಎದ್ದು ಗೋಣಿತಟ್ಟು ಸರಿಸಿದರು. ‘ಹಿರಿಗೇರಿ ಮನೆತನದ ಪೂರ್ವಜೆ ಸಾವಿಯಬ್ಬೆ ಕಟ್ಟಿಸಿದ ಈ ಕೆರೆಯನ್ನು’ ಎಂದು ಬಂಗಾರದ ಬಣ್ಣ ತುಂಬಿದ ಅಕ್ಷರಗಳು ಶುರುವಾಗಿ, ಕೊನೆಯಲ್ಲಿ ಅವರ ಹೆಸರಿನವರೆಗೂ ಬಂದಿದ್ದವು.

“ತಂಗಿ, ಇದು ಕೆತ್ತಿಸಿ ಆಗೇತಿ. ಉದ್ಘಾಟನಾ ಪತ್ರಿಕಾನೂ ಹಂಚೇವಿ. ಮೊದಲಿನ ಫೋಟೋನ ಹಾಕಿಬಿಡು. ಅದರಾಗ ಏನ್ ಕಡಿಮಿ ಇತ್ತು?”

“ಮಸಕ ಐತಿ ಅಂತ ನಿಮ್ಮ ಮಗಾನ ಬಂದು ಹೇಳ್ಯಾರ್ರಿ.”

ಬಾಗಿಲಲ್ಲಿ ನಿಂತಿದ್ದ ಗೌರೀಶ ನೆಲ ನೋಡಿದ.

“ಮಸಕ ಇದ್ರ ಏನಾತು? ಊರ ಮಂದಿ ಅಕ್ಷರ ಓದಾಕ ಬರತಾರೇನು? ಕೆರಿ ನೋಡಾಕ ಬರತಾರ.”

“ಬರದದ್ದು ಹೊಱಗೇರಿ ಅಂತರಿ, ಸರ್. ಓದಿದ ಮ್ಯಾಲೆ ಓದಿಲ್ಲ ಅಂತ ಹೆಂಗನ್ನಲಿ?”

ಅವರಿಗೆ ಊರಿನವರೆಲ್ಲ ‘ಧಣ್ಯಾರ’ ಎನ್ನುತ್ತಿದ್ದರು. ಪ್ರಜ್ಞಾ ‘ಸರ್’ ಅಂದದ್ದು ಅವರ ಕಿವಿಗೆ ಬಿತ್ತು. ಒಂದು ಕ್ಷಣ ಅವಳನ್ನು ಹೊಸಬಳಂತೆ ನೋಡಿದರು.

“ಒಂಬೈನೂರು ವರ್ಷದ ಹಿಂದಿನ ಮಾತು. ಈಗ ಯಾರಿಗೆ ಬೇಕಾಗೇತದು?”

“ಹಂಗಾದ್ರ ನೀವು ಗ್ರಾನೈಟಿನ್ಯಾಗ ಯಾಕ ಕೆತ್ತಿಸೀರಿ?”

ಒಳಗಿನಿಂದ ಚಹಾ ತಂದವರು ಹಾಗೇ ನಿಂತರು. ನಿಜಗುಣಪ್ಪ ಗೋಣಿತಟ್ಟನ್ನು ಮತ್ತೆ ಫಲಕಕ್ಕೆ ಹೊದಿಸಿದರು.

“ವೆಬ್‌ಸೈಟ್ ಸಮಿತೀದು. ಅದರ ಕೀಲಿ ಏನೈತಿ ನೋಡು, ಪಾಸ್‌ವರ್ಡ್, ಅದನ್ನ ಗೌರೀಶನ ಕೈಯಾಗ ಕೊಡು. ಇನ್ನ ಮುಂದ ನಿನಗ ತ್ರಾಸ ಬ್ಯಾಡ.”

“ಕೊಡತೇನ್ರಿ,” ಎಂದು ಅವಳು ಅಲ್ಲಿಯೇ ಚೀಟಿಯಲ್ಲಿ ಬರೆದುಕೊಟ್ಟಳು. “ಸೈಟು ನಿಮ್ಮದು ಖರೆ. ಫೋಟೋ ಮಾತ್ರ ನಾ ತಗದದ್ದು. ಅವನ್ನ ನಾ ಎಲ್ಲೆ ಬೇಕಾದ್ರೂ ಹಾಕತೇನಿ.”

ಹೊರಗೆ ಬಂದಳು. ಓಣಿಯ ತಿರುವಿನವರೆಗೂ ಬಿರಬಿರನೆ ನಡೆದು, ಯಾರೂ ಕಾಣದ ಕಡೆ ಗೋಡೆ ಹಿಡಿದು ನಿಂತಳು. ಆಮೇಲೆ ಮನೆಗೆ ಹೋದಳು.

ತಂದೆ ಶಟ್ಟೆಪ್ಪ ಸುದ್ದಿ ಕೇಳಿ ಹೌಹಾರಿದ. ನವಿಲುತೀರ್ಥದ ಅಣೆಕಟ್ಟಿನ ಕಾಲುವೆಯಲ್ಲಿ ಮೂವತ್ತೊಂದು ವರ್ಷ ಗೇಟು ತಿರುವಿ ನಿವೃತ್ತನಾದ ಮನುಷ್ಯ. ದೊಡ್ಡವರೊಡನೆ ಎದುರು ಮಾತಾಡಿ ಗೊತ್ತಿರಲಿಲ್ಲ.

“ಅವರ ಜೋಡಿ ಹಚಗೋಬ್ಯಾಡ ಮಗಳ. ನಾಳೆ ನಿನ್ನ ಅಂಗಡಿಗೆ ಒಬ್ರೂ ಬರಾಂಗಿಲ್ಲ, ನೋಡಿಕೋ.”

“ಬರದಿದ್ರ ಬ್ಯಾಡ, ಅಪ್ಪಾ.”

“ಹಂಗಂದ್ರ ಹೊಟ್ಟಿ ಕೇಳತೈತೇನು?”

ತಂದೆಯ ಮಾತು ಸುಳ್ಳಾಗಲಿಲ್ಲ. ವಾರದೊಳಗೆ ಮಂಗಲ ಕಾರ್ಯಾಲಯದವರು ‘ಈ ವರ್ಷ ವೆಬ್‌ಸೈಟ್ ಬ್ಯಾಡವ್ವ’ ಎಂದರು. ಟ್ರ್ಯಾಕ್ಟರ್ ಶೋರೂಮಿನವರು ಫೋನ್ ಎತ್ತುವುದನ್ನೇ ಬಿಟ್ಟರು. ಗೌರೀಶ ಸಮಿತಿಯ ಸೈಟಿನಿಂದ ಹೊಸ ಫೋಟೋಗಳನ್ನು ಕಿತ್ತು ಹಳೆಯ ವಾಟ್ಸಾಪ್ ಫೋಟೋವನ್ನೇ ಹಿಗ್ಗಿಸಿ ಹಾಕಿದ್ದ. ಕೆಳಗೆ ಮತ್ತೆ ‘ಹಿರಿಗೇರಿ’ ಬಂದು ಕುಳಿತಿತ್ತು.

ಪ್ರಜ್ಞಾ ಒಂದೇ ದಿನದಲ್ಲಿ ತನ್ನದೇ ಒಂದು ಪುಟ ಮಾಡಿದಳು. ಅದರಲ್ಲಿ ಬೇರೆ ಏನೂ ಇರಲಿಲ್ಲ. ಆ ಕಲ್ಲು, ಅದರ ಏಳು ಸಾಲು, ಪ್ರತಿ ಸಾಲಿನ ಕೆಳಗೆ ರಾಜೇಶ್ವರಿ ಮೇಡಂ ಓದಿದ ಪಾಠ. ಮೂರನೆಯ ಸಾಲಿನಲ್ಲಿ ಎರಡು ‘ಱ’ಗಳನ್ನು ಅಕ್ಕಪಕ್ಕ ಇಟ್ಟಳು, ಅಕ್ಷರ ಬಾರದವರೂ ಹೋಲಿಸಿ ನೋಡಲೆಂದು. ಮಸಕಿಗೆ ಇನ್ನು ಎಲ್ಲಿಯೂ ಜಾಗ ಕೊಡಬಾರದು ಎಂದು ಹಟ ಹಿಡಿದು, ಓಣಿಯ ಹತ್ತಾರು ಫೋನುಗಳನ್ನು ಇಸಿದುಕೊಂಡು ಒಂದೊಂದರಲ್ಲೂ ತೆರೆದು ಪರೀಕ್ಷಿಸಿದಳು. ಗೀರು ಬಿದ್ದ ಗಾಜಿನ, ಅಂಚು ಒಡೆದ ಫೋನುಗಳಲ್ಲೂ ಪುಟ ಥಟ್ಟನೆ ತೆರೆಯಿತು. ಹೊರಗೇರಿಯ ಹೆಂಗಸರು ಒಬ್ಬರಿಗೊಬ್ಬರು ಕಳಿಸಿಕೊಂಡರು. ‘ನಮ್ಮ ಸಾವಿಯಬ್ಬಿ’ ಎನ್ನತೊಡಗಿದರು, ನೆರೆಮನೆಯ ಅತ್ತಿಗೆಯ ಬಗ್ಗೆ ಮಾತಾಡಿದ ಹಾಗೆ.

ಉದ್ಘಾಟನೆಗೆ ಎಂಟು ದಿನ ಇದ್ದಾಗ ಕೆರೆಗೆ ತಂತಿಬೇಲಿ ಹಾಕುವವರು ಬಂದರು. ಸ್ವಚ್ಛತೆಗಾಗಿ ಸುತ್ತಲೂ ಬೇಲಿ, ಹಿರಿಗೇರಿಯ ಕಡೆ ಒಂದೇ ಗೇಟು ಎಂಬುದು ಸಮಿತಿಯ ಯೋಜನೆ. ಹೊರಗೇರಿಯ ಮೆಟ್ಟಿಲು ಬೇಲಿಯಿಂದ ಮುಚ್ಚಿಹೋಗುತ್ತಿತ್ತು. ಆ ಕಡೆಯವರು ನೀರಿಗೆ ಬರಬೇಕಾದರೆ ಊರು ಸುತ್ತಿಕೊಂಡು ಒಂದೂವರೆ ಕಿಲೋಮೀಟರು ನಡೆದು, ನಿಜಗುಣಪ್ಪನ ಮನೆಯ ಮುಂದಿನಿಂದ ಬರಬೇಕು. ಗೇಟಿಗೆ ಸಂಜೆ ಆರಕ್ಕೆ ಬೀಗ.

ಕೆಲಸಗಾರರು ಮೆಟ್ಟಿಲ ತುದಿಯಲ್ಲಿ ಕಂಬಕ್ಕೆ ಕುಣಿ ತೋಡಿ ಮುಗಿಸುತ್ತಿದ್ದಂತೆ ಸಾವಂತ್ರೆವ್ವ ಬಟ್ಟೆಯ ಬುಟ್ಟಿ ಕೆಳಗಿಟ್ಟು, ಕುಣಿಯೊಳಗೆ ಎರಡೂ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕುಳಿತಳು.

“ಏಳ್ರಿ ಅಕ್ಕಾರ, ಕಂಬ ನಿಲ್ಲಸಬೇಕು,” ಎಂದ ಕೆಲಸಗಾರ.

“ನಿಲ್ಲಸಪಾ. ನನ್ನ ಕಾಲ ಮ್ಯಾಲ ನಿಲ್ಲಸು.”

ಪಕ್ಕದ ಕುಣಿಯಲ್ಲಿ ಇನ್ನೊಬ್ಬಳು ಕುಳಿತಳು. ಅದರ ಪಕ್ಕದ್ದರಲ್ಲಿ ಮತ್ತೊಬ್ಬಳು. ಪ್ರಜ್ಞಾ ಸವದತ್ತಿಯಿಂದ ಓಡಿಬರುವ ಹೊತ್ತಿಗೆ ಏರಿಯ ಉದ್ದಕ್ಕೂ ಹನ್ನೊಂದು ಕುಣಿ, ಹನ್ನೊಂದು ಹೆಂಗಸರು. ಕೆಲಸಗಾರರು ಬೀಡಿ ಹಚ್ಚಿ ಬೇವಿನ ನೆರಳಿಗೆ ಸರಿದಿದ್ದರು. ನಿಜಗುಣಪ್ಪ, ಗೌರೀಶ, ಸಮಿತಿಯ ಇನ್ನಿಬ್ಬರು ಬಂದು ನಿಂತಿದ್ದರು. ಅವರೇ ಕರೆಸಿದ್ದರಿಂದ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ರಂಜನಾ ಸ್ಕೂಟಿಯಿಂದ ಇಳಿದರು. ಊರಿಗೆ ಬಂದು ಆರೇಳು ತಿಂಗಳಾಗಿದ್ದ, ಯಾರ ಕಡೆಗೂ ವಾಲದ ಹುಷಾರಿನ ಹೆಂಗಸು.

“ಇದು ಸರಕಾರದ ಕೆರಿ, ಸಮಿತಿ ಠರಾವ ಆಗೇತಿ,” ಎಂದರು ನಿಜಗುಣಪ್ಪ. “ಇವರನ್ನ ಎಬ್ಬಸ್ರಿ, ಮೇಡಂ. ನಮ್ಮ ಹಿರ್ಯಾರು ಕಟ್ಟಿಸಿದ ಕೆರಿ ಸ್ವಚ್ಛ ಇಡಬೇಕಂದ್ರ ಇವರದೇನು ಅಡ್ಡಿ?”

“ಯಾರ ಹಿರ್ಯಾರು?” ಕುಣಿಯಲ್ಲಿ ಕುಳಿತಲ್ಲಿಂದಲೇ ಸಾವಂತ್ರೆವ್ವ ಕೇಳಿದಳು. “ಕಲ್ಲು ಇಲ್ಲೇ ನಿಂತೈತಿ. ಕೇಳ್ರಿ ಅದಕ್ಕ.”

ರಂಜನಾ ಕಲ್ಲಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ನಡುಹಗಲಿನ ಬಿಸಿಲು ನೆತ್ತಿಯ ಮೇಲಿತ್ತು. ಕೊರೆತಗಳಲ್ಲಿ ನೆರಳೇ ಇರಲಿಲ್ಲ. ಅಕ್ಷರಗಳೆಲ್ಲ ಕಲ್ಲಿನ ಬಣ್ಣಕ್ಕೇ ತಿರುಗಿದ್ದವು. “ಏನೂ ಕಾಣಾಂಗಿಲ್ಲ ಇಲ್ಲೆ,” ಎಂದರು.

“ವೆಬ್‌ಸೈಟಿನ್ಯಾಗ ಐತ್ರಿ,” ಎಂದ ಗೌರೀಶ ಮುಂದೆ ಬಂದು. ರಂಜನಾ ತಮ್ಮ ಫೋನಿನಲ್ಲಿ ಸಮಿತಿಯ ಪುಟ ತೆರೆದರು. ಅವರದೂ ಹೊಸ ಫೋನೇ. ಬೆರಳಿನಿಂದ ಹಿಗ್ಗಿಸಿದರು. ಕಪ್ಪು ಕಲೆ ದೊಡ್ಡದಾಯಿತು.

“ಇದರಾಗೂ ಏನೂ ಇಲ್ಲಲ್ಲಾ?”

“ನನ್ನ ಪುಟ ತಗೀರಿ, ಮೇಡಂ,” ಎಂದಳು ಪ್ರಜ್ಞಾ. ವಿಳಾಸ ಹೇಳಿದಳು.

ಪುಟ ತೆರೆಯಿತು. ರಂಜನಾ ಮೂರನೆಯ ಸಾಲನ್ನು ಹಿಗ್ಗಿಸಿದರು. ಉಳಿಯ ಒಂದೊಂದು ಏಟೂ ಕಾಣುವಷ್ಟು ನಿಚ್ಚಳವಾಗಿ ಅಕ್ಷರಗಳು ಎದ್ದು ನಿಂತವು. ಅವರು ಎರಡು ‘ಱ’ಗಳನ್ನು ನೋಡಿದರು, ಮತ್ತೆ ಮೇಲೆ ಹೋದರು, ಮತ್ತೆ ಕೆಳಗೆ ಬಂದರು. ಗೌರೀಶ ತನ್ನ ಫೋನಿನಲ್ಲೂ ಅದನ್ನೇ ತೆರೆದು ನೋಡುತ್ತಿದ್ದ. ನೋಡಿ ಆದಮೇಲೂ ಫೋನನ್ನು ಕಿಸೆಗೆ ಇಡಲಿಲ್ಲ.

“ಇಂಥಾ ಫೋಟೋ ಯಾರು ಬೇಕಾದ್ರೂ ಕಂಪ್ಯೂಟರಿನ್ಯಾಗ ಮಾಡತಾರ,” ಎಂದರು ನಿಜಗುಣಪ್ಪ. ಮೊದಲ ಬಾರಿಗೆ ಅವರ ದನಿ ಏರಿತ್ತು. “ಅಕ್ಷರ ತಿದ್ದಿರಬೇಕು ಈಕಿ!”

“ತಿದ್ದಿಲ್ಲ,” ಎಂದರು ರಾಜೇಶ್ವರಿ ಮೇಡಂ.

ಅವರು ಕೆಳಗಿನ ಮೆಟ್ಟಿಲುಗಳನ್ನು ಹತ್ತಿ ಬರುತ್ತಿದ್ದರು, ಒಂದು ಕೈ ಶಟ್ಟೆಪ್ಪನ ಹೆಗಲ ಮೇಲೆ. ಮುಂಜಾನೆ ಹೆಂಡತಿ ಕುಣಿಯಲ್ಲಿ ಕುಳಿತ ಸುದ್ದಿ ಕಿವಿಗೆ ಬಿದ್ದದ್ದೇ ಶಟ್ಟೆಪ್ಪ ಯಾರಿಗೂ ಹೇಳದೆ ಬಾಡಿಗೆ ಗಾಡಿ ಮಾಡಿಕೊಂಡು ಕಿತ್ತೂರಿಗೆ ಹೋಗಿದ್ದ. ಮಗಳು ಬಾಯಿ ತೆರೆದು ನೋಡಿದಳು. ಅವನು ಕಣ್ಣು ತಪ್ಪಿಸಿದ.

ಮೇಡಂ ಏದುಸಿರು ಬಿಡುತ್ತ ಕಲ್ಲಿನ ಮುಂದೆ ನಿಂತು ಸೊಂಟದಿಂದ ಒಂದು ಸಣ್ಣ ಬ್ಯಾಟರಿ ತೆಗೆದರು. ಸೆರಗಿನಿಂದ ಕಲ್ಲಿಗೆ ನೆರಳು ಮಾಡಿ, ಬ್ಯಾಟರಿಯ ಬೆಳಕನ್ನು ಪಕ್ಕದಿಂದ ಹಿಡಿದರು. ಮೂರನೆಯ ಸಾಲು ಎದ್ದಿತು. ಅವರು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು.

“ಹೊ. ಱ. ಗೇ. ರಿ. ಯ.”

ಬ್ಯಾಟರಿ ಆರಿಸಿ ನಿಜಗುಣಪ್ಪನ ಕಡೆ ತಿರುಗಿದರು.

“ನಿಜಗುಣಪ್ಪನವರ, ಹಿರಿಗೇರಿ ಅಂತ ಓದಿಕೊಟ್ಟಾಕಿ ನಾನ. ಮಸಕ ಫೋಟೋ ನೋಡಿ, ನನಗ ಅನಿಸಿದ್ದನ್ನ ಕಲ್ಲಿನ ಮ್ಯಾಲ ಹೊರಿಸಿದ್ನಿ. ತಪ್ಪು ನಂದು, ಇಲ್ಲಿ ಎಲ್ಲಾರ ಮುಂದ ಹೇಳಾಕತ್ತೇನಿ. ನೀವು ಆ ತಪ್ಪನ್ನ ಗ್ರಾನೈಟಿಗೆ ಏರಸಬ್ಯಾಡ್ರಿ.”

ನಿಜಗುಣಪ್ಪ ಕಲ್ಲಿನತ್ತ ನೋಡಲಿಲ್ಲ. “ಬರದದ್ದು ಏನರ ಇರಲಿ. ಬೇಲಿ ಬ್ಯಾರೆ, ಶಾಸನ ಬ್ಯಾರೆ.”

ಆಗ ಶಟ್ಟೆಪ್ಪ ಮಾತಾಡಿದ. ತಲೆಯ ಮೇಲಿನ ಟೊಪ್ಪಿಗೆ ತೆಗೆಯಲಿಲ್ಲ, ಕೈ ಮುಗಿಯಲೂ ಇಲ್ಲ.

“ನೀರು ಯಾರ ಕಡೆ ಹರೀಬೇಕು ಅಂತ ಸಾಹೇಬ್ರು ಹೇಳತಿದ್ರು, ಮೂವತ್ತೊಂದು ವರ್ಷ ನಾ ಸುಮ್ಮನ ಗೇಟ ತಿರುವೇನ್ರಿ. ನಮ್ಮ ಹೊಲಕ್ಕ ಬರದಿದ್ರೂ ತಿರುವೇನಿ. ಈ ಮೆಟ್ಟಲದ ದಾರಿ ಮಾತ್ರ ಮುಚ್ಚಾಕ ಬಿಡಾಂಗಿಲ್ಲ. ಬೇಲಿ ಹಾಕ್ರಿ, ಬ್ಯಾಡ ಅನ್ನಾಂಗಿಲ್ಲ. ಈ ಮೆಟ್ಟಲಕ್ಕ ಒಂದು ಗೇಟ ಇಡ್ರಿ. ಕೀಲಿ ಈ ಕಡೇದವ್ರ ಕೈಯಾಗ ಇರಬೇಕು. ಅಲ್ಲೀತನಕಾ ನನ್ನ ಹೇಣತಿ ಏಳಾಂಗಿಲ್ಲ.”

“ಏಳಾಂಗಿಲ್ಲ,” ಎಂದಳು ಸಾವಂತ್ರೆವ್ವ, ಗಂಡನ ಮುಖವನ್ನೇ ನೋಡುತ್ತ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನ ಬಾಯಲ್ಲಿ ಇಷ್ಟು ಮಾತು ಒಟ್ಟಿಗೆ ಕೇಳಿದ್ದು ಇದೇ ಮೊದಲು.

ರಂಜನಾ ಫೋನಿನಲ್ಲಿದ್ದ ಕಲ್ಲನ್ನು ಮತ್ತೊಮ್ಮೆ ನೋಡಿ ಕೆಲಸಗಾರರತ್ತ ತಿರುಗಿದರು. “ಸಾಮಾನು ತುಂಬ್ರಿ. ಗ್ರಾಮಸಭಾದಾಗ ಠರಾವ ಆಗೂತನಕಾ ಇಲ್ಲಿ ಒಂದು ಕಂಬಾನೂ ನಿಲ್ಲಬಾರದು. ಸಮಿತಿ ಠರಾವ ನನಗ ಸಾಲಾಂಗಿಲ್ಲ.”

ಉದ್ಘಾಟನೆ ಮುಂದಕ್ಕೆ ಹೋಯಿತು. ಹದಿನೈದು ದಿನಗಳ ಮೇಲೆ ಗ್ರಾಮಸಭೆ ಸೇರಿತು. ಜಗಳವಿಲ್ಲದೆ ಆಗಲಿಲ್ಲ, ಎರಡು ಸಲ ಸಭೆ ನಿಂತು ಮತ್ತೆ ಶುರುವಾಯಿತು, ಕುರ್ಚಿಯೊಂದು ಮುರಿಯಿತು. ಹಿರಿಗೇರಿಯ ಕೆಲವರೇ ಎದ್ದು ‘ಮೆಟ್ಟಲ ಮುಚ್ಚೂದು ಸರಿ ಅಲ್ಲ’ ಎಂದದ್ದು ನಿಜಗುಣಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಎರಡನೆಯ ಗೇಟಿಗೆ ಒಪ್ಪಿಗೆ ಸಿಕ್ಕಿತು. ಅದರ ಒಂದು ಕೀಲಿ ಸಾವಂತ್ರೆವ್ವನ ಬಳಿ ಇರಬೇಕೆಂದು ಕೂಡ ಬರೆದುಕೊಂಡರು. ಫಲಕದ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ನಿಜಗುಣಪ್ಪ ಹೊಸದು ಕೆತ್ತಿಸಲು ಒಪ್ಪಲಿಲ್ಲ, ಹಳೆಯದನ್ನು ನಿಲ್ಲಿಸಲು ಊರು ಬಿಡಲಿಲ್ಲ. ಉದ್ಘಾಟನೆ ಫಲಕವಿಲ್ಲದೆಯೇ ಆಯಿತು. ದೊಡ್ಡ ಮಂದಿ ಯಾರೂ ಬರಲಿಲ್ಲ. ಸಮಿತಿಯ ಸೈಟಿನಲ್ಲಿ ಇಂದಿಗೂ ಆ ಕಪ್ಪು ಕಲೆಯ ಫೋಟೋವೇ ಇದೆ.

ಮಂಗಲ ಕಾರ್ಯಾಲಯದವರು ಪ್ರಜ್ಞಾಳ ಬಳಿ ತಿರುಗಿ ಬರಲಿಲ್ಲ. ನಿಜಗುಣಪ್ಪ ಎದುರು ಸಿಕ್ಕರೆ ಮುಖ ಆಚೆ ಹೊರಳಿಸುತ್ತಾರೆ. ಅವಳೂ ಹೊರಳಿಸುತ್ತಾಳೆ. ಕೋಣೆಯ ಬಾಡಿಗೆಗಾಗಿ ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಅರ್ಧ ದಿನ ಅರ್ಜಿ ಟೈಪು ಮಾಡುತ್ತಾಳೆ. ಸೋತೆ ಎಂದು ಅವಳಿಗೆ ಒಮ್ಮೆಯೂ ಅನ್ನಿಸಿಲ್ಲ.

ಹೋದ ವಾರ ಟೈಪು ಮಾಡುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ರಾಮದುರ್ಗದ ಕಡೆಯ ಹಳ್ಳಿಯ ನೇಕಾರ ಮಡಿವಾಳೆಪ್ಪ ಎಂದು ಪರಿಚಯ ಹೇಳಿಕೊಂಡರು ಆ ಕಡೆಯವರು.

“ನಿಮ್ಮ ಕಲ್ಲಿನ ಪುಟ ನೋಡೇನ್ರಿ ಬಾಯಾರ. ನಮ್ಮೂರಾಗೂ ಒಂದು ಬರದ ಕಲ್ಲೈತ್ರಿ. ಬಾವೀ ಗ್ವಾಡ್ಯಾಗ ಸೇರಿಸಿ ಕಟ್ಯಾರ. ಏನ್ ಬರದಾರ ಅಂತ ಓದಾಕ ಬರಾಂಗಿಲ್ಲ ಅಂತಾರ ನಮ್ಮ ಮುಖಂಡ್ರು. ಯಾರನ್ನೂ ಹಂತೇಕ ಬಿಡಾಂಗಿಲ್ಲ. ಫೋಟೋ ತಗದೀರಿ ಅಂದ್ರ ತಕರಾರ ಮಾಡತಾರ, ಮದಲ ಹೇಳತೇನಿ.”

“ಮಾಡಲಿ ಬಿಡ್ರಿ,” ಎಂದಳು ಪ್ರಜ್ಞಾ. “ರಾಮದುರ್ಗದಿಂದ ನಿಮ್ಮೂರಿಗೆ ಬಸ್ ಎಷ್ಟಕ್ಕ ಐತಿ, ಅದನ್ನ ಹೇಳ್ರಿ.”